ಮತಗಟ್ಟೆಗೆ ಕಾವಲು, ಮತದಾರನಿಗೆ?

1994ರ ವಿಧಾನಸಭಾ ಚುನಾವಣೆಯ ದಿನ ನಾನು ಮಾರ್ಟಳ್ಳಿ ಸುತ್ತಿನ ಕೆಲವು ಮತಗಟ್ಟೆಗಳ ಉಸ್ತುವಾರಿ ಹೊತ್ತಿದ್ದೆ. ಅಂದು ಅದು ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಚಾಮರಾಜನಗರ ಜಿಲ್ಲೆಯಾಗಲು ಇನ್ನೂ ಮೂರು ವರ್ಷವಿತ್ತು, ಹನೂರು ತಾಲ್ಲೂಕಾಗಲು ಎರಡು ದಶಕಗಳಿಗೂ ಹೆಚ್ಚು. ಸೇವೆಗೆ ಸೇರಿ ಕೆಲವೇ ವರ್ಷಗಳಾಗಿದ್ದ ನನಗೆ ಎಲ್ಲವೂ ನಿಯಮಾವಳಿಯಲ್ಲಿ ಬರೆದಂತೆಯೇ ನಡೆಯುತ್ತದೆ ಎಂಬ ನಂಬಿಕೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಶಾಲೆಯ ಮತಗಟ್ಟೆಯ ಹೊರಗೆ ಜೀಪು ನಿಲ್ಲಿಸಿದಾಗ ವಯಸ್ಸಾದ ಹೆಂಗಸೊಬ್ಬರು ನನ್ನ ಬಳಿಗೆ ಬಂದರು. ಅವರ ಕೈಯಲ್ಲಿ ಎರಡು ಚೀಟಿಗಳಿದ್ದವು. ತಮಿಳು ಬೆರೆತ ಆ ಭಾಗದ ಕನ್ನಡದಲ್ಲಿ ಅವರು ಕೇಳಿದ್ದಿಷ್ಟು: ‘ಸಾಮಿ, ನಮ್ ಮಗ ಮೈಸೂರು ಜೈಲಲ್ಲವ್ನೆ. ಅವ್ನ ಚೀಟಿ ಅದ. ಅವ್ನ ಓಟು ನಾನು ಆಕ್ಬೌದಾ?’

ಒಬ್ಬರ ಮತವನ್ನು ಇನ್ನೊಬ್ಬರು ಹಾಕುವಂತಿಲ್ಲ ಎಂದು ನಾನು ಹೇಳಿದೆ. ಅದು ಸರಿಯಾದ ಉತ್ತರವೇ. ಆಕೆ ಬಾಗಿಲ ಬಳಿ ನಿಂತಿದ್ದ ಬಂದೂಕುಧಾರಿ ಪೊಲೀಸರನ್ನು ಒಮ್ಮೆ ನೋಡಿ, ತಮ್ಮ ಮತವನ್ನೂ ಹಾಕದೆ ಹೊರಟುಹೋದರು. ಸಂಜೆ ನಾನು ಕಳುಹಿಸಿದ ವರದಿಯಲ್ಲಿ ‘ಮತದಾನ ಶಾಂತಿಯುತ, ಯಾವುದೇ ಅಹಿತಕರ ಘಟನೆ ವರದಿಯಾಗಿಲ್ಲ’ ಎಂಬ ವಾಕ್ಯವಿತ್ತು. ಅದೂ ಸುಳ್ಳಲ್ಲ. ಆ ಮತಗಟ್ಟೆಯನ್ನು ‘ಅತಿಸೂಕ್ಷ್ಮ’ ಎಂದು ಗುರುತಿಸಿದ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಪೊಲೀಸ್ ಠಾಣೆಯಿಂದ ಬಂದ ಹೆಸರುಗಳನ್ನು ಊರಿಗೆ ಹೋಗಿ ಯಾರನ್ನೂ ವಿಚಾರಿಸದೆ ನಕಲು ಮಾಡಿದ್ದೆ, ಅಷ್ಟೆ.

ಚುನಾವಣಾ ಪೂರ್ವ ಹಿಂಸೆ ಮತ್ತು ಮಾನವ ಹಕ್ಕುಗಳ ಮೇಲೆ ನಿಗಾ ಇಡುವ ಮಾತು ಬಂದಾಗಲೆಲ್ಲ ನಮ್ಮ ಗಮನ ಬಿಹಾರ, ಪಶ್ಚಿಮ ಬಂಗಾಳ, ಕಾಶ್ಮೀರಗಳ ಕಡೆಗೆ ಹೋಗುತ್ತದೆ. ಕರ್ನಾಟಕದ ಚುನಾವಣೆಗಳು ಹೋಲಿಕೆಯಲ್ಲಿ ಶಾಂತವಾದವು ಎಂಬುದು ನಿಜವೇ. ಆದರೆ ನಮ್ಮದೇ ರಾಜ್ಯದ ಆಗ್ನೇಯ ಮೂಲೆಯ ಈ ಕಾಡಂಚಿನಲ್ಲಿ, 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ, ಒಂದು ದಶಕಕ್ಕೂ ಹೆಚ್ಚು ಕಾಲ ಚುನಾವಣೆಗಳು ಎರಡು ಭಯಗಳ ನಡುವೆ ನಡೆದವು. ಒಂದು ಭಯವನ್ನು ಎಲ್ಲರೂ ಬಲ್ಲರು. ಇನ್ನೊಂದರ ಬಗ್ಗೆ ಅಧಿಕೃತ ಕಾಗದಗಳಲ್ಲಿ ಕಾಲಂ ಇರಲಿಲ್ಲ.

ಮೊದಲ ಭಯ ವೀರಪ್ಪನ್‌ನದು. 1992ರ ಮೇ 20ರಂದು ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದು ಐವರು ಪೊಲೀಸರು ಹತರಾದರು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಇವು ಯಾವುದನ್ನೂ ಮರೆಯುವಂತಿಲ್ಲ. ಈ ಕಾಡಿನಲ್ಲಿ ಕೆಲಸ ಮಾಡಿದ ಪೊಲೀಸರ, ಅರಣ್ಯ ಸಿಬ್ಬಂದಿಯ ಕುಟುಂಬಗಳ ನೋವನ್ನು ಹತ್ತಿರದಿಂದ ಕಂಡವನು ನಾನು. ಎರಡನೆಯ ಭಯ ಆತನನ್ನು ಹಿಡಿಯಲು ಬಂದವರದು. ಮಾರ್ಟಳ್ಳಿ, ಸಂದನಪಾಳ್ಯ, ಗೋಪಿನಾಥಂ ಮುಂತಾದ ಊರುಗಳ ಜನ, ಹೆಚ್ಚಿನವರು ತಮಿಳು ಮಾತನಾಡುವ ಬಡ ರೈತರು ಮತ್ತು ಕಲ್ಲುಕ್ವಾರಿ ಕೂಲಿಗಳು, ಕಾಡುಗಳ್ಳನಿಗೆ ಅಕ್ಕಿ ಕೊಟ್ಟರೆಂಬ ಅನುಮಾನಕ್ಕೂ ಪೊಲೀಸರಿಗೆ ಸುಳಿವು ಕೊಟ್ಟರೆಂಬ ಅನುಮಾನಕ್ಕೂ ಏಕಕಾಲದಲ್ಲಿ ಗುರಿಯಾದರು. ಟಾಡಾ ಕಾಯ್ದೆಯಡಿ ಹೆಂಗಸರೂ ಸೇರಿದಂತೆ ನೂರಕ್ಕೂ ಹೆಚ್ಚು ಜನ ಮೈಸೂರು ಕಾರಾಗೃಹ ಸೇರಿದರು. 1995ರ ಮೇ ತಿಂಗಳಲ್ಲಿ ಆ ಕಾಯ್ದೆಯ ಅವಧಿಯೇ ಮುಗಿದುಹೋಯಿತು; ಅದರಡಿ ಒಳಗೆ ಹೋದವರು ಮಾತ್ರ ಹೊರಗೆ ಬರಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ನೀಡಿದಾಗ ಅವರಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಪಾಲಾರ್ ಪ್ರಕರಣದಲ್ಲಿ ಶಿಕ್ಷೆಗೊಳಗಾದವರ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ಇಲ್ಲಿ ನನ್ನ ಲೆಕ್ಕ ಬೇರೆಯದು.

ಜನತಾ ಪ್ರಾತಿನಿಧ್ಯ ಕಾಯ್ದೆ, 1951ರ 62(5)ನೇ ಕಲಮು ಹೇಳುವಂತೆ ಸೆರೆಮನೆಯಲ್ಲಿರುವ ಅಥವಾ ಪೊಲೀಸರ ವಶದಲ್ಲಿರುವ ಯಾವ ವ್ಯಕ್ತಿಯೂ ಮತ ಹಾಕುವಂತಿಲ್ಲ. ಅಪರಾಧ ಸಾಬೀತಾಗಿರಬೇಕೆಂದಿಲ್ಲ, ವಿಚಾರಣೆ ಎದುರಿಸುತ್ತಿದ್ದರೂ ಸಾಕು. ವಿನಾಯಿತಿ ಇರುವುದು ಮುಂಜಾಗ್ರತಾ ಬಂಧನ ಕಾಯ್ದೆಗಳಡಿ ಇಟ್ಟವರಿಗೆ ಮಾತ್ರ. 1997ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಸೆರೆಮನೆಯಲ್ಲಿದ್ದುಕೊಂಡೇ ಚುನಾವಣೆಗೆ ಸ್ಪರ್ಧಿಸಲು ಅವಕಾಶವಾಗುವಂತೆ 2013ರಲ್ಲಿ ಸಂಸತ್ತು ತಿದ್ದುಪಡಿ ತಂದಿತು, ಆದರೆ ಒಳಗಿರುವವನ ಮತದ ಹಕ್ಕಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಉಮೇದುವಾರರಿಗೆ ತಮ್ಮವರ ಕಷ್ಟ ಬೇಗ ಅರ್ಥವಾಗುತ್ತದೆ ಎನ್ನೋಣ. ನಿರ್ದೋಷಿಯೆಂದು 2001ರಲ್ಲಿ ಹೊರಬಂದ ಮಾರ್ಟಳ್ಳಿ ಕಡೆಯ ಒಬ್ಬ ರೈತ 1993ರಲ್ಲಿ ಒಳಗೆ ಹೋಗಿದ್ದರೆ ಆತ ಕಳೆದುಕೊಂಡದ್ದು 1994 ಮತ್ತು 1999ರ ವಿಧಾನಸಭೆ, 1996, 1998 ಮತ್ತು 1999ರ ಲೋಕಸಭೆ, ಅಂದರೆ ಐದು ಮತ. ಅಂದು ಆ ತಾಯಿ ತಂದಿದ್ದ ಎರಡನೆಯ ಚೀಟಿ ಇಂಥದ್ದೊಂದು ಮತದ ಚೀಟಿ.

ನಿಗಾ ವ್ಯವಸ್ಥೆ ಇರಲಿಲ್ಲವೇ? ಇತ್ತು, ಆದರೆ ಬಹಳ ತಡವಾಗಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿದ್ದು 1999ರಲ್ಲಿ. ಚಿತ್ರಹಿಂಸೆ, ಅಕ್ರಮ ಬಂಧನ ಮತ್ತು ಶಂಕಾಸ್ಪದ ಎನ್‌ಕೌಂಟರ್‌ಗಳ ದೂರುಗಳನ್ನು ಅದು ಆಲಿಸಿತು. ವರದಿ ಸಿದ್ಧವಾದದ್ದು 2003ರ ಕೊನೆಗೆ. ಆಯೋಗವು 89 ಮಂದಿ ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಸೂಚಿಸಿದ್ದು 2007ರ ಜನವರಿಯಲ್ಲಿ. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಘಟನೆಯಾದ ಒಂದು ವರ್ಷದ ನಂತರ ಆಯೋಗ ವಿಚಾರಣೆ ಕೈಗೊಳ್ಳಬಾರದು ಎಂಬ ಮಿತಿ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೇ ಇದೆ. ಭಯದಲ್ಲಿ ಬದುಕುವವನು ದೂರು ಕೊಡುವುದು ಭಯ ಕಡಿಮೆಯಾದ ಮೇಲೆ ಎಂಬ ಸರಳ ಸತ್ಯ ಆ ಕಾಯ್ದೆ ಬರೆದವರಿಗೆ ಹೊಳೆಯದೆ ಹೋದದ್ದು ವಿಷಾದನೀಯ.

ಇನ್ನು ನಾವು, ಅಂದರೆ ನಗರದ ಓದುಬಲ್ಲ ಜನ, ‘ಟಾಡಾ ಕೈದಿಗಳು’ ಎಂಬ ಮಾತನ್ನು ಮೊದಲ ಬಾರಿಗೆ ಗಮನಕೊಟ್ಟು ಕೇಳಿದ್ದು 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದ ಮೇಲೆ. ಅವರ ಬಿಡುಗಡೆಗೆ ಪ್ರತಿಯಾಗಿ ಮೈಸೂರಿನಲ್ಲಿದ್ದ 51 ವಿಚಾರಣಾಧೀನ ಕೈದಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು. ಹುತಾತ್ಮ ಶಕೀಲ್ ಅಹ್ಮದ್ ಅವರ ವೃದ್ಧ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನವೆಂಬರ್ 7ರಂದು ನ್ಯಾಯಾಲಯ ಆ ಕ್ರಮವನ್ನು ಅಸಿಂಧುಗೊಳಿಸಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪೆಂದೇ ನನ್ನ ಅಭಿಪ್ರಾಯ. ಆದರೆ ಏಳೆಂಟು ವರ್ಷ ವಿಚಾರಣೆ ಮುಗಿಯದೆ ಕುಳಿತವರ ಪ್ರಶ್ನೆಯನ್ನು ಒಬ್ಬ ಕಾಡುಗಳ್ಳ ಒತ್ತೆಸೆರೆಯ ಮೂಲಕ ಎತ್ತಬೇಕಾಯಿತೇ ಹೊರತು, ನಡುವೆ ಕಳೆದ ಐದು ಚುನಾವಣೆಗಳಲ್ಲಿ ಯಾವ ಪಕ್ಷವೂ ಎತ್ತಲಿಲ್ಲ.

2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅಪಹೃತರಾಗಿ, ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ಸಿಕ್ಕಿತು. ರಾಜಕೀಯ ಹಿಂಸೆಗೆ ಇದಕ್ಕಿಂತ ನೇರವಾದ ಉದಾಹರಣೆ ನಮ್ಮ ರಾಜ್ಯದಲ್ಲಿ ವಿರಳ. 2004ರ ಏಪ್ರಿಲ್‌ನಲ್ಲಿ ಹನೂರು ಕ್ಷೇತ್ರ ಮತ್ತೆ ಚುನಾವಣೆಗೆ ಹೋದಾಗ ಅವರ ಪತ್ನಿ ಪರಿಮಳಾ ನಾಗಪ್ಪ ಗೆದ್ದರು. ವೀರಪ್ಪನ್ ಆಗಿನ್ನೂ ಕಾಡಿನಲ್ಲಿದ್ದ, ಕಾರ್ಯಪಡೆಯೂ ಇತ್ತು. ಆ ವರ್ಷದ ಅಕ್ಟೋಬರ್ 18ರಂದು ಆತನ ಕಥೆ ಮುಗಿದ ಮೇಲೆ ಈ ಸೀಮೆ ಸಾಮಾನ್ಯ ಸ್ಥಿತಿಗೆ ಮರಳಿತೆಂದು ನಾವೆಲ್ಲ ಭಾವಿಸಿದೆವು. ನಿವೃತ್ತಿಯ ನಂತರ ನಾನು ಆ ದಿಕ್ಕಿನ ಸುದ್ದಿಯನ್ನು ಹೆಚ್ಚು ಓದುತ್ತಲೂ ಇರಲಿಲ್ಲ.

2024ರ ಏಪ್ರಿಲ್ 26ರ ಸಂಜೆ ಟಿ.ವಿ.ಯಲ್ಲಿ ಇಂಡಿಗನತ್ತದ ಹೆಸರು ಕೇಳಿದಾಗ ನನಗೆ ಮಾರ್ಟಳ್ಳಿಯ ಆ ತಾಯಿ ನೆನಪಾದರು. ಇಂಡಿಗನತ್ತ ಮಲೆ ಮಹದೇಶ್ವರ ಬೆಟ್ಟದ ಅರಣ್ಯದೊಳಗಿನ ಊರು. ಅದೂ ಹನೂರು ತಾಲ್ಲೂಕು, ಅದೇ ಹನೂರು ಕ್ಷೇತ್ರ. ರಸ್ತೆ, ವಿದ್ಯುತ್, ನೀರು ಇಲ್ಲವೆಂದು ಅಲ್ಲಿನವರು ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸುವುದಾಗಿ ಮೊದಲೇ ಪ್ರಕಟಿಸಿದ್ದರು. ಅಧಿಕಾರಿಗಳು ಮನವೊಲಿಸಲು ಹೋದರು, ನೆರೆಯ ಮೆಂದಾರೆಯ ಸೋಲಿಗರು ಮತ ಹಾಕಲು ಬಂದರು, ಘರ್ಷಣೆಯಾಯಿತು. ಮತಯಂತ್ರ ನುಚ್ಚುನೂರಾಯಿತು, ಕಲ್ಲು ತೂರಾಟದಲ್ಲಿ ಸಿಬ್ಬಂದಿಗೆ ಪೆಟ್ಟಾಯಿತು, ಗ್ರಾಮಸ್ಥರಿಗೂ ಪೆಟ್ಟಾಯಿತು. ಪ್ರಕರಣ ದಾಖಲಾಗಿ ಹಲವರ ಬಂಧನವಾಯಿತು. ಬಂಧನದ ಭೀತಿಯಿಂದ ಉಳಿದವರಲ್ಲಿ ಅನೇಕರು ಊರು ಬಿಟ್ಟರೆಂದು ಪತ್ರಿಕೆಗಳು ಬರೆದವು. ಮೂರೇ ದಿನಕ್ಕೆ, ಏಪ್ರಿಲ್ 29ರಂದು, ಮರುಮತದಾನ ನಡೆಯಿತು. ಐನೂರಕ್ಕೂ ಹೆಚ್ಚು ಮತದಾರರಿದ್ದ ಆ ಮತಗಟ್ಟೆಯಲ್ಲಿ ಬಿದ್ದ ಮತಗಳು ನೂರನ್ನೂ ಮುಟ್ಟಲಿಲ್ಲ.

ಮರುಮತದಾನ ಶಾಂತಿಯುತವಾಗಿತ್ತು ಎಂದು ವರದಿಯಾಗಿರಲೇಬೇಕು. ಮತದಾರರೇ ಇಲ್ಲದ ಊರಿನಲ್ಲಿ ಅಶಾಂತಿ ಎಲ್ಲಿಂದ ಬರಬೇಕು?

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಓದುಗರ ಮುಂದಿಡಬೇಕು. ಮತಯಂತ್ರ ನಾಶವಾದಾಗ ಹೊಸದಾಗಿ ಮತದಾನ ನಡೆಸಲು ಅಧಿಕಾರ ನೀಡುವುದು ಕಾಯ್ದೆಯ 58ನೇ ಕಲಮು. ಅದು ಮತದಾನಕ್ಕೆ ದಿನ ಗೊತ್ತುಪಡಿಸಬೇಕೆಂದು ಹೇಳುತ್ತದೆಯೇ ಹೊರತು ಮೂರು ದಿನದೊಳಗೆ ನಡೆಸಬೇಕೆಂದು ಹೇಳುವುದಿಲ್ಲ. 2024ರಲ್ಲಿ ಮತ ಎಣಿಕೆ ಇದ್ದದ್ದು ಜೂನ್ 4ರಂದು. ಘಟನೆಯ ದಿನಕ್ಕೂ ಎಣಿಕೆಗೂ ನಡುವೆ 39 ದಿನಗಳಿದ್ದವು. ಆರೋಪಿಗಳು ಜಾಮೀನು ಕೇಳಲು, ಓಡಿಹೋದವರು ಮರಳಲು, ಎರಡು ಊರುಗಳವರನ್ನು ಒಂದು ಕಡೆ ಕೂರಿಸಿ ಮಾತನಾಡಲು ಅಷ್ಟು ಸಮಯ ಧಾರಾಳ. ಬೇಗ ಮರುಮತದಾನ ನಡೆಸುವುದು ಆಯೋಗದ ರೂಢಿ; ಹೊರಗಿನವರು ಒತ್ತಡ ಹೇರಲು ವೇಳೆ ಸಿಗಬಾರದೆಂಬ ಒಳ್ಳೆಯ ಕಾರಣ ಅದಕ್ಕಿದೆ. ಆದರೆ ಇಲ್ಲಿ ಹಾಗೆ ಗೊತ್ತುಪಡಿಸಿದ ದಿನ ಪೊಲೀಸರ ವಶದಲ್ಲಿ ಅಥವಾ ಸೆರೆಮನೆಯಲ್ಲಿದ್ದ ಪ್ರತಿಯೊಬ್ಬನ ಮತವನ್ನೂ 62(5)ನೇ ಕಲಮು ಕಸಿದುಕೊಂಡಿತು. ಕಾಡಿನಲ್ಲಿದ್ದವರ ಮತವನ್ನು ಭಯ ಕಸಿದುಕೊಂಡಿತು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಎರಡು ಕಲಮುಗಳನ್ನು ಎರಡು ಬೇರೆ ಮೇಜುಗಳಲ್ಲಿ ಓದಿದರು, ಅಷ್ಟೆ.

ಯಂತ್ರ ಒಡೆದವರ ಮತದ ಬಗ್ಗೆ ಇಷ್ಟೇಕೆ ಮರುಕ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮತಗಟ್ಟೆಗೆ ಹೋಗುವವರು ಸಾಮಾನ್ಯವಾಗಿ ಶಾಲಾ ಶಿಕ್ಷಕರು, ಗುಮಾಸ್ತರು. ಹಿಂದಿನ ರಾತ್ರಿ ಶಾಲೆಯ ಜಗುಲಿಯಲ್ಲಿ ಮಲಗಿ, ಸಿಕ್ಕಿದ್ದನ್ನು ತಿಂದು ಕೆಲಸ ಮಾಡುವವರು. ಅವರ ಮೇಲೆ ಕಲ್ಲೆಸೆದವನು ಶಿಕ್ಷೆ ಅನುಭವಿಸಲೇಬೇಕು. ಮತ ಹಾಕಲು ಬಂದ ಸೋಲಿಗರನ್ನು ತಡೆದವರ ಕೃತ್ಯವೂ ಚುನಾವಣಾ ಹಿಂಸೆಯೇ, ಅದನ್ನು ಬಹಿಷ್ಕಾರದ ಹಕ್ಕೆಂದು ಕರೆಯಲಾಗದು. ಅಸಮ್ಮತಿ ತಿಳಿಸಲು 2013ರಿಂದ ‘ನೋಟಾ’ ಗುಂಡಿಯೂ ಇದೆ. ಆದರೆ ಕಲ್ಲೆಸೆದವನು ಯಾರೆಂದು ಹೆಸರು ಹಿಡಿದು ಹೇಳಬೇಕಾದದ್ದು ಕಾನೂನಿನ ಹೊಣೆ. ಇಂಥ ಪ್ರಕರಣಗಳ ಪ್ರಥಮ ವರ್ತಮಾನ ವರದಿಗಳನ್ನು ನನ್ನ ಸೇವಾವಧಿಯಲ್ಲಿ ಬಹಳಷ್ಟು ನೋಡಿದ್ದೇನೆ. ಹತ್ತಾರು ಹೆಸರುಗಳ ಕೊನೆಗೆ ‘ಮತ್ತು ಇತರರು’ ಎಂಬ ಎರಡು ಪದಗಳಿರುತ್ತವೆ. ಆ ‘ಇತರರು’ ಯಾರು ಬೇಕಾದರೂ ಆಗಬಹುದು. ಒಂದಿಡೀ ಊರು ರಾತ್ರೋರಾತ್ರಿ ಖಾಲಿಯಾಗುವುದು ಮುಖ್ಯವಾಗಿ ಆ ಎರಡು ಪದಗಳಿಂದ.

ಚುನಾವಣಾ ಆಯೋಗದ ಬಳಿ ನಿಗಾ ಇಡುವ ಸಾಧನಗಳಿಗೆ ಕೊರತೆಯಿಲ್ಲ. ಸಾಮಾನ್ಯ ವೀಕ್ಷಕರು, ವೆಚ್ಚ ವೀಕ್ಷಕರು, ಪೊಲೀಸ್ ವೀಕ್ಷಕರು ಇದ್ದಾರೆ. ಬೆದರಿಕೆಗೆ ಒಳಗಾಗಬಹುದಾದ ಕೇರಿ, ಹಾಡಿಗಳನ್ನು ಮೊದಲೇ ಗುರುತಿಸುವ ವಿಧಾನವನ್ನೂ ಆಯೋಗ ರೂಢಿಗೆ ತಂದಿದೆ. 2018ರಿಂದ ‘ಸಿ-ವಿಜಿಲ್’ ಎಂಬ ಮೊಬೈಲ್ ಆ್ಯಪ್ ಇದೆ. ಸಿಗ್ನಲ್ ಇರುವ ಊರುಗಳಿಗೆ ಅದು ಉಪಯುಕ್ತ. 2024ರಲ್ಲಿ ಮೊದಲ ಹಂತದ ಮತದಾನಕ್ಕೂ ಮುನ್ನವೇ 4,650 ಕೋಟಿ ರೂಪಾಯಿಯ ನಗದು, ಮದ್ಯ, ಮಾದಕ ವಸ್ತು ಇತ್ಯಾದಿ ಜಪ್ತಿಯಾಗಿದೆ ಎಂದು ಆಯೋಗ ಪ್ರಕಟಿಸಿತು. ಹಣದ ಮೇಲಿನ ನಿಗಾ ಹೇಗಿರಬೇಕೋ ಹಾಗೆಯೇ ಇದೆ.

ಜನರ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಚುನಾವಣೆ ಘೋಷಣೆಯಾದಾಗಿನಿಂದ ಜಿಲ್ಲೆಗಳಿಂದ ನಿತ್ಯವೂ ಕಾನೂನು ಸುವ್ಯವಸ್ಥೆಯ ವರದಿ ಮೇಲಕ್ಕೆ ಹೋಗುತ್ತದೆ. ಎಷ್ಟು ಪರವಾನಗಿ ಬಂದೂಕುಗಳು ಠೇವಣಿಯಾದವು, ಎಷ್ಟು ವಾರಂಟ್ ಜಾರಿಯಾದವು, ಎಷ್ಟು ಮಂದಿಯಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು, ಎಷ್ಟು ಜನರ ಗಡಿಪಾರಾಯಿತು ಎಂಬ ಅಂಕಿಗಳು ಅದರಲ್ಲಿರುತ್ತವೆ. ಈ ಅಂಕಿಗಳು ಏರಿದಷ್ಟೂ ಜಿಲ್ಲಾಡಳಿತದ ಬೆನ್ನು ತಟ್ಟಲಾಗುತ್ತದೆ. ಕಡಿಮೆಯಿದ್ದರೆ ‘ಪ್ರಗತಿ ಸಾಲದು’ ಎಂಬ ಟಿಪ್ಪಣಿ ಬರುತ್ತದೆ. ಅಂಥ ಟಿಪ್ಪಣಿ ನನಗೂ ಬಂದಿದೆ, ನಾನೂ ಅಂಕಿ ಏರಿಸಿದ್ದೇನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದು ಹೊಸ ಪಾಠವೇನಲ್ಲ: ಯಾವುದನ್ನು ಸಾಧನೆಯೆಂದು ಎಣಿಸುತ್ತೀರೋ ಅದರ ಉತ್ಪಾದನೆ ಹೆಚ್ಚುತ್ತದೆ. ಮುಚ್ಚಳಿಕೆ ಬರೆದುಕೊಟ್ಟವರಲ್ಲಿ ಕೂಲಿಗಳೆಷ್ಟು, ಗುತ್ತಿಗೆದಾರರೆಷ್ಟು? ಮತದಾನದ ದಿನ ಬಂಧನದಲ್ಲಿದ್ದ ಮತದಾರರೆಷ್ಟು, ಅವರು ಯಾವ ಮತಗಟ್ಟೆಯವರು? ಈ ಪ್ರಶ್ನೆಗಳಿಗೆ ಉತ್ತರ ಆ ವರದಿಯ ಕಾಲಂಗಳಿಂದ ಸಿಗದು.

ನೆರೆಯ ಶ್ರೀಲಂಕಾದಲ್ಲಿ ನಾಗರಿಕ ಸಂಘಟನೆಗಳು ಸೇರಿ 1997ರಲ್ಲಿ ಚುನಾವಣಾ ಹಿಂಸೆಯ ನಿಗಾ ಕೇಂದ್ರವನ್ನು ಸ್ಥಾಪಿಸಿದವು. ಪ್ರಚಾರದ ಅವಧಿಯಲ್ಲಿ ನಡೆದ ಘಟನೆಗಳನ್ನು ಪರಿಶೀಲಿಸಿ, ಗಂಭೀರ ಮತ್ತು ಸಾಧಾರಣ ಎಂದು ವಿಂಗಡಿಸಿ, ಯಾರ ಮೇಲೆ ಆರೋಪ, ಯಾರು ಬಾಧಿತರು ಎಂಬುದನ್ನು ಅದು ಪ್ರಕಟಿಸುತ್ತ ಬಂತು. 1999ರ ವಾಯವ್ಯ ಪ್ರಾಂತ್ಯ ಚುನಾವಣೆಯ ಹಿಂಸೆ ದಾಖಲೆಯಾಗಿ ಉಳಿದಿರುವುದರಲ್ಲಿ ಇಂಥ ಕೆಲಸದ ಪಾಲು ದೊಡ್ಡದು. ಹಿಂಸೆ ಅದರಿಂದ ನಿಂತುಹೋಯಿತೆಂದಲ್ಲ. ಆದರೆ ‘ಶಾಂತಿಯುತ’ ಎಂಬ ಪದವನ್ನು ಬರೆಯುವ ಮುನ್ನ ಅಧಿಕಾರಿ ಎರಡು ಬಾರಿ ಯೋಚಿಸಬೇಕಾಯಿತು. ನಮ್ಮಲ್ಲಿ ಮಾನವ ಹಕ್ಕುಗಳ ಆಯೋಗ ಕಾಲಿಡುವುದು ಎಲ್ಲ ಮುಗಿದ ಮೇಲೆ. ಬಂಗಾಳದಲ್ಲಿ 2021ರ ಚುನಾವಣೋತ್ತರ ಹಿಂಸೆಯ ತನಿಖೆಗೆ ಕಲ್ಕತ್ತಾ ಹೈಕೋರ್ಟ್ ಆದೇಶದ ಮೇರೆಗೆ ಅದು ಹೋಯಿತು. ಸತ್ತವರು ಸತ್ತಿದ್ದರು, ಮನೆ ಬಿಟ್ಟವರು ಬಿಟ್ಟಿದ್ದರು.

ಐನೂರು ಮತ ಯಾವ ಲೆಕ್ಕ ಎಂದು ಹೇಳುವವರೂ ಇದ್ದಾರೆ. ಚಾಮರಾಜನಗರ ಲೋಕಸಭಾ ಕ್ಷೇತ್ರದ ಅಂದಿನ ಗೆಲುವಿನ ಅಂತರ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು. ಇಂಡಿಗನತ್ತ ಪೂರ್ತಿ ಮತ ಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೆ ಇದೇ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಅದೇ ವರ್ಷ, ಅದೇ ಜಿಲ್ಲೆಯಲ್ಲಿ ಯಾರ್‍ಯಾರು ಯಾವ್ಯಾವ ಕಾರಣಕ್ಕೆ ಬಂಧನದಲ್ಲಿದ್ದರೆಂದು ಯಾರೂ ಲೆಕ್ಕ ಹಾಕಲಿಲ್ಲ.

2028ರಲ್ಲಿ ರಾಜ್ಯ ಮತ್ತೆ ವಿಧಾನಸಭಾ ಚುನಾವಣೆಗೆ ಹೋಗಬೇಕಿದೆ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿತ್ಯದ ವರದಿಗೆ ಎರಡು ಕಾಲಂ ಸೇರಿಸಿ ಸಾರ್ವಜನಿಕವಾಗಿ ಪ್ರಕಟಿಸಿದರೆ ಸಾಕು: ಮತಗಟ್ಟೆವಾರು ಬಂಧನದಲ್ಲಿರುವ ಮತದಾರರ ಸಂಖ್ಯೆ, ಮತ್ತು ಹೆಸರಿಲ್ಲದ ‘ಇತರರ’ ಮೇಲೆ ದಾಖಲಾದ ಪ್ರಕರಣಗಳ ಸಂಖ್ಯೆ. ಬಂಧಿಸಿದ ತಕ್ಷಣ ಮನೆಯವರಿಗೆ ತಿಳಿಸಬೇಕೆಂದು 1996ರ ಡಿ.ಕೆ. ಬಸು ತೀರ್ಪು ಹೇಳಿ ಮೂರು ದಶಕಗಳಾಗುತ್ತ ಬಂತು. ಅದು ಪಾಲನೆಯಾಗುತ್ತಿದೆಯೇ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು ಆ ವಾರಗಳಲ್ಲಿ ಠಾಣೆಗಳಿಗೆ ಹೋಗಿ ನೋಡಬಹುದು. ಮರುಮತದಾನದ ದಿನ ಗೊತ್ತುಪಡಿಸುವ ಮುನ್ನ ಊರಿನಲ್ಲಿ ಜನರಿದ್ದಾರೆಯೇ ಎಂದು ವೀಕ್ಷಕರು ಕಣ್ಣಾರೆ ಕಂಡು ವರದಿ ಕೊಡಬೇಕು. ಇನ್ನು ಬಹಿಷ್ಕಾರದ ಮೂಲಕ್ಕೆ ಹೋಗುವುದಾದರೆ, ಅರಣ್ಯವಾಸಿಗಳ ಊರಿಗೆ ರಸ್ತೆ, ವಿದ್ಯುತ್ ತಂತಿ, ಕುಡಿಯುವ ನೀರಿನಂಥ ಸೌಲಭ್ಯಕ್ಕೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಮೀನು ಕೊಡಲು 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲೇ ದಾರಿಯಿದೆ. ಗ್ರಾಮಸಭೆಯ ಶಿಫಾರಸು ಬೇಕು, ಹೆಕ್ಟೇರಿಗೆ ಕಡಿಯುವ ಮರ 75 ಮೀರಬಾರದು. ಬಹಿಷ್ಕಾರದ ಬ್ಯಾನರ್ ಕಟ್ಟಿದ ಮೇಲೆ ಮನವೊಲಿಸಲು ಓಡುವ ಅಧಿಕಾರಿ ಎರಡು ವರ್ಷ ಮೊದಲೇ ಆ ಗ್ರಾಮಸಭೆ ಕರೆಯಬಹುದು.

ಸೂಕ್ಷ್ಮ ಮತಗಟ್ಟೆಗಳ ಪಟ್ಟಿಯ ಬಗ್ಗೆ ಒಂದು ಮಾತು. ಅದನ್ನು ಠಾಣೆಯ ದಾಖಲೆಯಿಂದ ಮಾತ್ರ ತಯಾರಿಸಿದರೆ ಎಲ್ಲ ಸೂಕ್ಷ್ಮತೆಗೂ ಪರಿಹಾರ ಇನ್ನಷ್ಟು ಪೊಲೀಸರೇ ಆಗುತ್ತಾರೆ. ಮಾರ್ಟಳ್ಳಿಯಲ್ಲಿ ತಮಿಳು ಬಲ್ಲ, ಮೆಂದಾರೆಯಲ್ಲಿ ಸೋಲಿಗರ ಮಾತು ಬಲ್ಲ ಒಬ್ಬ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು, ಸಮವಸ್ತ್ರದವರನ್ನು ಊರ ಹೊರಗೆ ನಿಲ್ಲಿಸಿ, ಕಂದಾಯ ಅಧಿಕಾರಿಯೇ ಮನೆ ಮನೆಗೆ ಹೋಗಿ ಕೇಳಬೇಕು: ಮತ ಹಾಕಲು ಬರುವುದಕ್ಕೆ ನಿಮಗೆ ಯಾರ ಭಯ? ಉತ್ತರ ಏನೇ ಬಂದರೂ ಅದನ್ನೇ ಬರೆದುಕೊಳ್ಳಬೇಕು. 1994ರಲ್ಲಿ ನನಗೆ ಅದಕ್ಕೆ ಹೆಚ್ಚೆಂದರೆ ಎರಡು ದಿನ ಹಿಡಿಯುತ್ತಿತ್ತು. ಜೀಪೂ ಇತ್ತು.